ನೆಲ್ಲಿನ ಗದ್ದೆಯಲ್ಲಿ ತುಕ್ಕಿನ ಗೆರೆ

ಪ್ರಶ್ನೆ: ಸಿಂಧನೂರು ಕಡೆ ನಮ್ಮ ನೆಲ್ಲಿನ ಗದ್ದೆಯಲ್ಲಿ ಬೇಸಿಗೆಗೆ ಗುಂಡಿ ತೋಡಿದಾಗ, ಬೂದು ಮಣ್ಣಿನೊಳಗೆ ತುಕ್ಕಿನಂಥ ಕೆಂಪು ಗೆರೆಗಳು ಕಂಡವು. ಮಸ್ಕಿಯಲ್ಲಿರುವ ನಮ್ಮ ಬೀಗರ ಮಸಾರಿ ಹೊಲ ಪೂರ್ತಿ ಕೆಂಪು. ಕಬ್ಬಿಣ ಮಣ್ಣಿನೊಳಗೆ ಓಡಾಡುತ್ತದೆಯೇ?

ಉತ್ತರ: ಓಡಾಡುತ್ತದೆ. ನೀವು ಕಂಡದ್ದು ತುಕ್ಕೇ.

ಮೊದಲು ಬೀಗರ ಹೊಲ ನೋಡೋಣ. ಮಸ್ಕಿ, ಲಿಂಗಸುಗೂರು ಸುತ್ತಲಿನ ಕಲ್ಲು ಮಳೆ–ಬಿಸಿಲಿಗೆ ಸಡಿಲವಾದಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ನೀರಿನಲ್ಲಿ ಕರಗಿ ಇಳಿಜಾರು ಹಿಡಿಯುತ್ತವೆ. ಕಬ್ಬಿಣ ಹಾಗಲ್ಲ. ಗಾಳಿ ತಗಲಿದೊಡನೆ ತುಕ್ಕಾಗಿ, ಮಣ್ಣಿನ ಕಣಕಣಕ್ಕೂ ಮೆತ್ತಿಕೊಂಡು ಅಲ್ಲೇ ಕೂರುತ್ತದೆ. ಮಸಾರಿಯ ಕೆಂಪು ಅದು. ಇಳಿದುಹೋದ ಸರಕು ತಗ್ಗಿನಲ್ಲಿ ನಿಂತು, ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ಜೇಡಿಯಾಗುತ್ತದೆ. ಎಷ್ಟೋ ಕಡೆ ದಿಬ್ಬದ ಮೇಲೆ ಮಸಾರಿ, ಕೆಳಗೆ ಎರೆ ಇರುವುದು ಇದರಿಂದಲೇ. ಎರೆ ಹೊಲದ ಆಳದಲ್ಲಿ ಸಿಗುವ ಬಿಳಿ ಹರಳುಗಳು ಸುಣ್ಣದವು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಗೆ ಅವು ಪೂರ್ತಿ ತೊಳೆದುಹೋಗುವುದಿಲ್ಲ. ಮೂರು ಸಾವಿರ ಮಿ.ಮೀ. ದಾಟುವ ಕರಾವಳಿಯಲ್ಲಿ ಸುಣ್ಣದ ಜೊತೆ ಕಲ್ಲಿನಲ್ಲಿದ್ದ ಸಿಲಿಕಾ ಕೂಡ ಬಹುಪಾಲು ಕರಗಿಹೋಗಿ, ಕಬ್ಬಿಣ–ಅಲ್ಯೂಮಿನಿಯಂ ಉಳಿದು ಮುರಕಲ್ಲಾಗಿದೆ.

  

ಈಗ ನಿಮ್ಮ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಿಂಗಳುಗಟ್ಟಲೆ ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಕೆಲವು ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ತುಕ್ಕನ್ನೇ ಬಳಸಿ ಬದುಕುತ್ತವೆ. ಕೂತಿದ್ದ ಕಬ್ಬಿಣ ಕರಗಿ ಎದ್ದು ಹೊರಡುತ್ತದೆ, ಮಣ್ಣು ಬೂದಾಗುತ್ತದೆ. ಆದರೆ ನೆಲ್ಲಿನ ಗಿಡ ಎಲೆಯಿಂದ ಬೇರಿಗೆ ಗಾಳಿ ಇಳಿಸಿಕೊಳ್ಳುತ್ತದೆ, ಅದರಲ್ಲಿ ಸ್ವಲ್ಪ ಹೊರಗೂ ಸೋರುತ್ತದೆ. ಕರಗಿದ ಕಬ್ಬಿಣ ಬೇರಿನ ಹತ್ತಿರ ಬಂದಕೂಡಲೇ ಮತ್ತೆ ತುಕ್ಕಾಗಿ ಬೇರಿಗೆ ಕವಚ ಕಟ್ಟುತ್ತದೆ. ಬೇರು ಕೊಳೆತರೂ ಕವಚ ಉಳಿದೀತು. ನಿಮ್ಮ ಕೆಂಪು ಗೆರೆಗಳು ಹೆಚ್ಚಾಗಿ ಹಳೆಯ ಬೇರುಗಳ ದಾರಿಗಳು. ನೆಲ ಆರುವಾಗ ಬಿರುಕಿನ ಅಂಚಿಗೂ ಇಂಥದೇ ಬಣ್ಣ ಬರುತ್ತದೆ. ನಡುನಡುವೆ ಕಪ್ಪು ಚುಕ್ಕೆಗಳಿದ್ದರೆ ಅವು ಮ್ಯಾಂಗನೀಸ್ ಇರಬಹುದು.

ಗದ್ದೆಗೆ ಹಾಕುವ ಸತುವಿನ ದಾರಿ ಬೇರೆ. ಸುಣ್ಣದಂಶ ಹೆಚ್ಚಿರುವ ಎರೆಯ ಜೇಡಿ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಕಿದ ಸತುವಿನ ಸಲ್ಫೇಟ್ ಬಹುಪಾಲು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ಆದರೂ ಪೈರು ಸತು ಸಾಲದೆ ಕಂದುತ್ತದೆ. ಹೀಗಾದಾಗ ಅಂದಾಜಿನ ಮೇಲೆ ಮತ್ತೆ ಸುರಿಯಬೇಡಿ, ಮಣ್ಣು ಪರೀಕ್ಷೆ ಮಾಡಿಸಿ.

ಕಬ್ಬಿಣದ ಆಟ ಕಣ್ಣಾರೆ ನೋಡಬೇಕೆನಿಸಿದರೆ, ಮುಂದಿನ ಸಲ ಗದ್ದೆಯ ನೀರು ಬಸಿದ ಹೊಸತರಲ್ಲಿ ಒಳಗಿನ ಬೂದು ಹೆಂಟೆಯೊಂದನ್ನು ಮುರಿದು ಬದುವಿನ ಮೇಲಿಡಿ. ಕೆಲವು ದಿನಗಳಲ್ಲಿ ಅದರ ಮೈ ಕಂದುಗೆಂಪಾಗುತ್ತ ಬರುತ್ತದೆ.