ಊರಿನಲ್ಲಿ ಬಿಟ್ಟು ಬಂದ ಹಳೆಯ ಕಂಪ್ಯೂಟರ್

ಹೊಸದಾಗಿ ವಿದೇಶಕ್ಕೆ ಬಂದು ಮನೆ, ಶಾಲೆ, ಬ್ಯಾಂಕು ಎಂದು ಓಡಾಡುತ್ತಿರುವ ನಿಮಗೆ ಊರಿನ ಒಂದು ಕೆಲಸವನ್ನು ನೆನಪಿಸಬೇಕಿದೆ. ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲೋ ಯಶವಂತಪುರದಲ್ಲೋ ಅಪ್ಪ-ಅಮ್ಮನ ಮನೆಯಲ್ಲಿ ನಿಮ್ಮ ಹಳೆಯ ಲ್ಯಾಪ್‌ಟಾಪ್ ಉಳಿದಿದ್ದರೆ, "ಗುಜರಿಗೆ ಹಾಕಿಬಿಡಿ" ಎಂದು ಫೋನಿನಲ್ಲಿ ಹೇಳುವ ಮೊದಲು ಇದನ್ನು ಓದಿ.

ಹೊರಡುವ ಮುಂಚಿನ ತಿಂಗಳುಗಳಲ್ಲಿ ವೀಸಾಕ್ಕೆಂದು ಏನೆಲ್ಲ ಸ್ಕ್ಯಾನ್ ಮಾಡಿದ್ದಿರಿ? ಪಾಸ್‌ಪೋರ್ಟ್, ಪ್ಯಾನ್, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ಜನನ ಪ್ರಮಾಣಪತ್ರ. ಜೊತೆಗೆ ಅಪ್ಪನ ಆಧಾರ್, ಸೈಟಿನ ಕಾಗದಪತ್ರ. ಬೇರೆಯವರ ಹೆಸರಿನಲ್ಲಿ ಸಾಲ ಎತ್ತಲು ಹೊರಟವನಿಗೆ ಬೇಕಾದ್ದೆಲ್ಲ ಅಲ್ಲಿ ಒಂದೇ ಫೋಲ್ಡರಿನಲ್ಲಿದೆ. ತೊಂದರೆಯಾದರೆ ಅಲೆದಾಡಬೇಕಾದವರು ಊರಿನಲ್ಲಿರುವ ಹಿರಿಯರು.

ಡಿಲೀಟ್ ಸಾಲದು

ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಕಡತ ಎಲ್ಲಿದೆ ಎಂಬ ಗುರುತು ಮಾತ್ರ ಹೋಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಅದರ ಮೇಲೆ ಬೇರೇನಾದರೂ ಬರೆಯುವ ತನಕ ಮಾಹಿತಿ ಹಾಗೇ ಇರುತ್ತದೆ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು ಬಳಸಿದ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ.

ಏನು ಮಾಡಬೇಕು?

1. ಇಲ್ಲಿಂದಲೇ ನಿಮ್ಮ ಗೂಗಲ್, ಮೈಕ್ರೋಸಾಫ್ಟ್, ಆ್ಯಪಲ್ ಖಾತೆಗಳಿಗೆ ಹೋಗಿ ಹಳೆಯ ಯಂತ್ರವನ್ನು ತೆಗೆದುಹಾಕಿ. ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳನ್ನು, ಮುಖ್ಯವಾಗಿ ಬ್ಯಾಂಕಿನದನ್ನು, ಬದಲಿಸಿ. ಇದರಿಂದ ಡಿಸ್ಕ್‌ನಲ್ಲಿರುವ ಕಡತಗಳು ಅಳಿಯುವುದಿಲ್ಲ.

2. ಯಂತ್ರ ಆನ್ ಆಗುವುದಾದರೆ ತಮ್ಮನನ್ನೋ ತಂಗಿಯನ್ನೋ ವಿಡಿಯೊ ಕರೆಯಲ್ಲಿ ಕೂರಿಸಿಕೊಳ್ಳಿ. ಮೊದಲು ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳಿ. ವಿಂಡೋಸ್‌ನಲ್ಲಿ 'ರೀಸೆಟ್ ದಿಸ್ ಪಿಸಿ', ಅಲ್ಲಿ 'ರಿಮೂವ್ ಎವ್ರಿಥಿಂಗ್' ಆರಿಸಿ, ಸೆಟ್ಟಿಂಗ್ ಬದಲಿಸುವಲ್ಲಿ 'ಕ್ಲೀನ್ ಡೇಟಾ' ಆನ್ ಮಾಡಿ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ಚಿಪ್ ಆಧಾರಿತ ಡಿಸ್ಕ್) ಇದ್ದರೆ ಹೀಗೆ ಮೇಲೆ ಬರೆದು ಅಳಿಸುವ ವಿಧಾನ ಎಲ್ಲ ಮೂಲೆಗಳನ್ನೂ ತಲುಪದು. ಹಾಗಾಗಿ ಸೌಲಭ್ಯವಿದ್ದರೆ ಮೊದಲು ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಇಡೀ ಡಿಸ್ಕ್ ಕೀಲಿಯಿಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಆಮೇಲೆ ರೀಸೆಟ್ ಮಾಡಿ.

3. ಯಂತ್ರ ಆನ್ ಆಗದಿದ್ದರೂ ಡಿಸ್ಕ್ ಓದಲು ಬರಬಹುದು. ಪರಿಚಯದ ರಿಪೇರಿ ಅಂಗಡಿಯಲ್ಲಿ ಎದುರಿಗೇ ಅದನ್ನು ತೆಗೆಸಿ ಕೈಗೆ ಪಡೆಯುವಂತೆ ಅಪ್ಪನಿಗೆ ಹೇಳಿ. ಮನೆಯಲ್ಲಿ ಭದ್ರವಾಗಿಡಲಿ; ರಜೆಗೆ ಹೋದಾಗ ನೀವೇ ಅಳಿಸಿ, ಇಲ್ಲವೇ ಒಡೆಸಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹ ಚಿಪ್ ಬೋರ್ಡಿಗೇ ಬೆಸೆದಿರುತ್ತದೆ. ಅಂಥದ್ದನ್ನು ನೀವು ಹೋಗುವ ತನಕ ಯಾರಿಗೂ ಕೊಡಿಸಬೇಡಿ.

ಕೊಡುವುದು ಎಲ್ಲಿ?

ಭಾರತದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು-2022, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮರುಬಳಕೆ ಮಾಡುವವರು ನೋಂದಣಿ ಪಡೆದಿರಲೇಬೇಕು. ಗೊರಗುಂಟೆಪಾಳ್ಯದ ಮೂಲಕ ಹೋಗುವ ತುಮಕೂರು ರಸ್ತೆಯಲ್ಲೇ ಮುಂದೆ ಸಿಗುವ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ, ದೇಶದಲ್ಲಿ ಮೊದಲು ಸರ್ಕಾರಿ ಅನುಮತಿ ಪಡೆದ ಇ-ತ್ಯಾಜ್ಯ ಘಟಕ. ಯಾರಿಗೇ ಕೊಡಲಿ, ನೋಂದಣಿ ಇದೆಯೇ ಎಂದು ಕೇಳಿ, ರಸೀದಿ ಪಡೆಯಲಿ. ನೋಂದಾಯಿತರಿಗೆ ಕೊಟ್ಟರೂ ಮಾಹಿತಿ ಅಳಿಸುವ ಹೊಣೆ ನಿಮ್ಮದೇ.

ಮಾಹಿತಿ ದುರುಪಯೋಗವಾಗಿ ಹಣ ಹೋದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕೆಂದು ಮನೆಯವರಿಗೆ ತಿಳಿಸಿ. ಈ ಸಂಖ್ಯೆಯನ್ನು ಅವರ ಫೋನಿನಲ್ಲಿ ಈ ವಾರವೇ ಸೇರಿಸಿ. ಲ್ಯಾಪ್‌ಟಾಪ್ ಎಲ್ಲಿದೆ ಎಂದೂ ಅದೇ ಕರೆಯಲ್ಲಿ ಕೇಳಿ.