ಗಣಪನಿಗೆ ಮೊದಲು ಬಿಳಿ ಬಣ್ಣ

ಮಕ್ಕಳೇ, ಹೋದ ವರ್ಷ ಹಬ್ಬಕ್ಕೆ ನಾನೂ ಮಗಳೂ ಹಸಿ ಜೇಡಿಮಣ್ಣಿನಲ್ಲಿ ಪುಟ್ಟ ಗಣಪನನ್ನು ಮಾಡಿ ಒಣಗಿಸಿದೆವು. ಮಧ್ಯಾಹ್ನ ಬಾಲ್ಕನಿಯಲ್ಲಿ ಸ್ಪ್ರೇ ಪ್ರೈಮರ್ ಹೊಡೆದೆ. ದುಬೈ ಬಿಸಿಲು ಗೊತ್ತಲ್ಲ! ಹನಿಗಳು ಮೂರ್ತಿ ಮುಟ್ಟೋ ಮೊದಲೇ ಒಣಗಿ, ಗಣಪನ ಮುಖವೆಲ್ಲ ರವೆ ಥರ ತರಿತರಿ. ಬಕೆಟ್ಟಿನಲ್ಲಿ ವಿಸರ್ಜನೆ ಮಾಡಿದರೆ ಮರುದಿನವೂ ಕರಗಿರಲಿಲ್ಲ. "ಅಪ್ಪಾ, ಗಣಪಂಗೆ ರೈನ್‌ಕೋಟ್ ಹಾಕಿದ್ಯಾ?" ಅಂದಳು ಮಗಳು.

ಸರಿಯಾಗೇ ಹೇಳಿದ್ದಳು. ಸ್ಪ್ರೇ ಪ್ರೈಮರ್, ಅಕ್ರಿಲಿಕ್ ಜೆಸೊ ಎರಡೂ ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಆಗುತ್ತವೆ. ಶೋಕೇಸಿನ ಬೊಂಬೆಗೆ ಅದು ಒಳ್ಳೆಯದೇ; ನೀರಿಗೆ ಬಿಡೋ ಗಣಪನಿಗೆ ಬೇಡ.

ಹಾಗಂತ ಮೊದಲ ಪದರವನ್ನೇ ಬಿಡೋ ಹಾಗಿಲ್ಲ. ಒಣಮಣ್ಣು ಬಣ್ಣದ ನೀರನ್ನು ಹೀರಿಕೊಳ್ಳುತ್ತೆ, ಕಂದು ಮಣ್ಣಿನ ಮೇಲೆ ಹಳದಿ ಮಂಕಾಗಿ ಕಾಣುತ್ತೆ. ತಳ ಬಿಳಿ ಇದ್ದರೆ ಬೆಳಕು ವಾಪಸ್ ಚಿಮ್ಮಿ ಬಣ್ಣ ಎದ್ದು ಕಾಣುತ್ತೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆಗೆ ಹುಣಸೆಬೀಜದ ಅಂಟಿನಿಂದ ಹತ್ತಿಬಟ್ಟೆ ಅಂಟಿಸಿ, ಮೇಲೆ ಕಲ್ಲುಪುಡಿ ಕಲಸಿ ಬಳಿದು, ಆಮೇಲೇ ಬಣ್ಣ ಹಚ್ಚೋದು.

ಈ ಸಲ ನಾವು ಸೀಮೆಸುಣ್ಣದ ಪುಡಿಯನ್ನು ತೆಳು ಮೈದಾ ಗಂಜಿಯಲ್ಲಿ ಕಲಸಿ, ಚೆನ್ನಾಗಿ ಒಣಗಿದ ಗಣಪನಿಗೆ ಎಸಿ ರೂಮಿನಲ್ಲೇ ಬ್ರಷ್‌ನಿಂದ ಬಳಿಯೋಣ. ದಪ್ಪಗೆ ಬಳಿದರೆ ಸೀಳುತ್ತೆ. ತೆಳುವಾಗಿ ಎರಡು ಸಲ ಸಾಕು. ಮೇಲೆ ವಾಟರ್ ಕಲರ್. ಮೊದಲು ಒಂದು ಮಣ್ಣಿನ ಉಂಡೆಗೆ ಬಳಿದು, ಒಣಗಿಸಿ, ಲೋಟದ ನೀರಿಗೆ ಹಾಕಿ ನೋಡಿ. ಟೆಸ್ಟ್ ಮಾಡದೆ ಕೋಡ್ ಬಿಡಬಾರದು ಅಂತ ಆಫೀಸಿನಲ್ಲಿ ಹೇಳೋ ನಾನೇ ಹೋದ ವರ್ಷ ಇದನ್ನು ಮರೆತಿದ್ದೆ.