ಸೈಲೆನ್ಸರ್ ಪೈಪಿಗೆ ಯಾವ ಕಪ್ಪು? ಮಿಶ್ರಿಕೋಟಿಯ ಒಂದು ಕಾರು ಕಲಿಸಿದ ಪಾಠ

ಹಿಂದಿನ ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಮಂದಿ ಮೆಕ್ಯಾನಿಕಲ್ ಗೆಳೆಯರು ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಗೆ ಹೋಗಿದ್ದೆವು. ನಮ್ಮಲ್ಲೊಬ್ಬನ ಊರು ಅದು. ಅವರ ಮನೆಯ ಹಳೇ ಪೆಟ್ರೋಲ್ ಕಾರಿನ ಎಕ್ಸಾಸ್ಟ್ ಪೈಪು ಪೂರ್ತಿ ತುಕ್ಕು ಹಿಡಿದಿತ್ತು. "ಇದೇನ್ ದೊಡ್ಡ ಕೆಲ್ಸ, ಕಪ್ಪು ಬಣ್ಣ ಹೊಡೆದ್ರಾಯ್ತು" ಅಂತ ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಮೇಲೆ ಕಪ್ಪು ಎನಾಮಲ್ ದಪ್ಪಗೆ ಹೊಡೆದೆವು. ಸಂಜೆಗೆ ಪೈಪು ಹೊಸದರ ಹಾಗೆ ಮಿಂಚುತ್ತಿತ್ತು.

ಮರುದಿನ ಕಾರು ಹುಬ್ಬಳ್ಳಿಗೆ ಹೋಗಿ ಬಂತು. ಎಂಜಿನ್ ಹತ್ತಿರದ ಬಣ್ಣ ಸುಟ್ಟ ಹಪ್ಪಳದ ಹಾಗೆ ಎದ್ದಿತ್ತು. ಹಿಂದಿನ ತುದಿಯ ಬಣ್ಣಕ್ಕೆ ಏನೂ ಆಗಿರಲಿಲ್ಲ. ಅದೇ ಡಬ್ಬಿ, ಅದೇ ಕೈ, ಅದೇ ದಿನ. ಹಾಗಾದರೆ ಅರ್ಧ ಸುಟ್ಟು ಅರ್ಧ ಉಳಿದದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪೈಪು ಒಂದೇ, ಬಿಸಿ ಬೇರೆ ಬೇರೆ

ಪೆಟ್ರೋಲ್ ಎಂಜಿನ್ನಿನಲ್ಲಿ ಲೋಡ್ ಬಿದ್ದಾಗ ಮ್ಯಾನಿಫೋಲ್ಡ್‌ನಿಂದ ಹೊರಬರುವ ಹೊಗೆ 700-800 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಲ್ಲಿಂದ ಹಿಂದಕ್ಕೆ ಹೋದಂತೆ ಪೈಪು ಗಾಳಿಗೆ ಶಾಖ ಬಿಡುತ್ತ ಹೋಗುತ್ತದೆ. ಮಧ್ಯದ ಪೈಪಿನಲ್ಲಿ ಬಿಸಿ ಸಾಕಷ್ಟು ಇಳಿದಿರುತ್ತದೆ, ಕೊನೆಯ ಟೇಲ್ ಪೈಪಿನಲ್ಲಿ ಸಾಮಾನ್ಯ ಓಡಾಟಕ್ಕೆ 100-200 ಡಿಗ್ರಿ ಆಸುಪಾಸು. ಡೀಸೆಲ್ ಎಂಜಿನ್ನಿನಲ್ಲಿ ಇದೆಲ್ಲ ಸ್ವಲ್ಪ ಕಡಿಮೆ. ಹಾಗಾಗಿ "ಎಕ್ಸಾಸ್ಟ್‌ಗೆ ಯಾವ ಬಣ್ಣ?" ಅಂತ ಕೇಳುವುದೇ ತಪ್ಪು. "ಎಕ್ಸಾಸ್ಟಿನ ಯಾವ ಭಾಗಕ್ಕೆ?" ಅಂತ ಕೇಳಬೇಕು.

ಇನ್ನೊಂದು ಲೆಕ್ಕ ನೋಡಿ. ಮೈಲ್ಡ್ ಸ್ಟೀಲ್ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. ಒಂದು ಮೀಟರ್ ಪೈಪು 400 ಡಿಗ್ರಿ ಬಿಸಿಯಾದರೆ ಹಿಗ್ಗು 4.8 ಮಿಲಿಮೀಟರ್. ಪ್ರತಿ ಸಲ ಗಾಡಿ ಓಡಿದಾಗ ಹಿಗ್ಗು, ನಿಂತಾಗ ಕುಗ್ಗು. ಬಣ್ಣ ಬಿಸಿ ತಡೆದರಷ್ಟೇ ಸಾಲದು, ಈ ಎಳೆದಾಟವನ್ನೂ ತಡೆಯಬೇಕು. ದಪ್ಪ ಕೋಟು ಬೇಗ ಬಿರಿಯುವುದಕ್ಕೆ ಇದೂ ಒಂದು ಕಾರಣ.

ಮಾಮೂಲಿ ಕಪ್ಪು ಯಾಕೆ ಸುಡುತ್ತದೆ?

ಬಣ್ಣದಲ್ಲಿ ಎರಡು ಮುಖ್ಯ ಪದಾರ್ಥ: ಹಿಡಿದಿಡುವ ರಾಳ, ಬಣ್ಣ ಕೊಡುವ ಪಿಗ್ಮೆಂಟ್. ಮಾಮೂಲಿ ಎನಾಮಲ್‌ನ ರಾಳದ ಬೆನ್ನೆಲುಬು ಕಾರ್ಬನ್ ಸರಪಳಿ. ಕಾರ್ಬನ್-ಕಾರ್ಬನ್ ಬಂಧ ಮುರಿಯಲು ಒಂದು ಮೋಲ್‌ಗೆ ಸುಮಾರು 350 ಕಿಲೋಜೌಲ್ ಸಾಕು. ಸಿಲಿಕಾನ್-ಆಕ್ಸಿಜನ್ ಬಂಧಕ್ಕೆ ಸುಮಾರು 450 ಬೇಕು. ಹೈ-ಹೀಟ್ ಪೇಂಟ್‌ಗಳಲ್ಲಿ ಸಿಲಿಕೋನ್ ರಾಳ ಬಳಸುವುದು ಇದಕ್ಕೇ. ಬಿಸಿ ಏರಿದಾಗ ಅದರಲ್ಲಿರುವ ಸಾವಯವ ಭಾಗ ಸುಟ್ಟು ಹೋದರೂ ಸಿಲಿಕಾದ ಜಾಲ ಪೈಪಿಗೆ ಅಂಟಿಕೊಂಡೇ ಇರುತ್ತದೆ.

ಪಿಗ್ಮೆಂಟಿನ ಕಥೆಯೂ ಹಾಗೇ. ಅಗ್ಗದ ಕಪ್ಪು ಅಂದರೆ ಕಾರ್ಬನ್ ಬ್ಲ್ಯಾಕ್, ಅಂದರೆ ನಮ್ಮ ಒಲೆಯ ಮಸಿಯ ಜಾತಿಯದು. ಅದು ಸುಮಾರು 500 ಡಿಗ್ರಿ ದಾಟಿದರೆ ಗಾಳಿಯಲ್ಲಿ ತಾನೇ ಉರಿದುಹೋಗುತ್ತದೆ. ಅದಕ್ಕೇ ಒಳ್ಳೆಯ ಹೈ-ಹೀಟ್ ಕಪ್ಪಿನಲ್ಲಿ ತಾಮ್ರ, ಕ್ರೋಮಿಯಂ, ಕಬ್ಬಿಣ, ಮ್ಯಾಂಗನೀಸ್‌ಗಳ ಆಕ್ಸೈಡ್ ಇರುತ್ತದೆ. ಆಗಲೇ ಆಕ್ಸೈಡ್ ಆಗಿರುವುದು ಮತ್ತೆ ಉರಿಯುವುದು ಹೇಗೆ?

ಎದುರಿಗಿರುವ ಆಯ್ಕೆಗಳು

ಸಿಲಿಕೋನ್ ಹೈ-ಹೀಟ್ ಪೇಂಟ್: ಸಾಮಾನ್ಯವಾಗಿ 600-650 ಡಿಗ್ರಿವರೆಗೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಕೈಗೆಟಕುವ ಬೆಲೆ, ಮನೆಯಲ್ಲೇ ಹೊಡೆಯಬಹುದು. ಚೆನ್ನಾಗಿ ಬೇಯುವ ತನಕ ಮೆತ್ತಗಿರುತ್ತದೆ, ಕಲ್ಲೇಟಿಗೆ ಕಿತ್ತು ಬರುತ್ತದೆ. ಮಧ್ಯದ ಪೈಪು, ಸೈಲೆನ್ಸರ್ ಡಬ್ಬಿಗೆ ಇದೇ ಸರಿ.

ಪೌಡರ್ ಕೋಟಿಂಗ್: ನೋಡಲು ಚಂದ, ಗಟ್ಟಿ. ಆದರೆ ಸಾಮಾನ್ಯ ಪಾಲಿಯೆಸ್ಟರ್ ಪೌಡರನ್ನು ಬೇಯಿಸುವುದೇ 180-200 ಡಿಗ್ರಿಯಲ್ಲಿ, ಅದನ್ನು ಮೀರಿದ ಬಿಸಿಯಲ್ಲಿ ಅದು ಬಹಳ ದಿನ ಬಾಳದು. ಬ್ರಾಕೆಟ್, ಹೀಟ್ ಶೀಲ್ಡಿನ ಹೊರಭಾಗಕ್ಕೆ ಆದೀತು, ಪೈಪಿಗೆ ಬೇಡ.

ಸಿರಾಮಿಕ್ ಕೋಟಿಂಗ್: ತೆಳುವಾದ ಪದರ, ಉತ್ತಮ ದರ್ಜೆಯದು 900 ಡಿಗ್ರಿ ಸುಮಾರಿಗೂ ನಿಲ್ಲುತ್ತದೆ. ಮ್ಯಾನಿಫೋಲ್ಡಿಗೆ ಇದೇ ನಿಜವಾದ ಉತ್ತರ. ಆದರೆ ಗ್ರಿಟ್ ಬ್ಲಾಸ್ಟಿಂಗ್ ಮಾಡಿ ಅನುಭವಸ್ಥರೇ ಹಾಕಬೇಕು, ಖರ್ಚೂ ಜಾಸ್ತಿ.

ಗಾಜಿನ ಎನಾಮಲ್: ಅಜ್ಜಿ ಕಾಲದ ಎನಾಮಲ್ ತಟ್ಟೆಯದೇ ತಂತ್ರ. ಲೋಹದ ಮೇಲೆ ಗಾಜಿನ ಪುಡಿ ಕರಗಿಸಿ ಅಂಟಿಸುವುದು. ಬಿಸಿಗೂ ನೀರಿಗೂ ಹೆದರದು, ಕಲ್ಲು ಬಡಿದರೆ ಮಾತ್ರ ತಟ್ಟೆಯ ಅಂಚಿನ ಹಾಗೆ ಚಕ್ಕೆ ಏಳುತ್ತದೆ. ನಮ್ಮ ಹಳ್ಳಿ ರಸ್ತೆಗೆ ಹೊಂದದು.

ಬ್ಲ್ಯಾಕ್ ಆಕ್ಸೈಡ್: ಉಕ್ಕಿನ ಮೇಲ್ಮೈಯನ್ನೇ ಮ್ಯಾಗ್ನೆಟೈಟ್ ಆಗಿಸುವ ವಿಧಾನ. ದಪ್ಪ ಒಂದು ಮೈಕ್ರಾನ್ ಆಸುಪಾಸು. ತುಕ್ಕು ತಡೆಯುವುದು ಅದರ ಮೇಲೆ ಸವರಿದ ಎಣ್ಣೆ. ರೊಟ್ಟಿ ಹಂಚಿಗೆ ಎಣ್ಣೆ ಸವರಿ ಇಡುತ್ತಾರಲ್ಲ, ಹಾಗೇ. ಎಕ್ಸಾಸ್ಟಿನಲ್ಲಿ ಆ ಎಣ್ಣೆ ಮೊದಲ ದಿನವೇ ಸುಟ್ಟುಹೋಗುತ್ತದೆ.

ಬಣ್ಣಕ್ಕಿಂತ ತಯಾರಿ ದೊಡ್ಡದು

ಎರಡನೇ ಸಲ ಸಿಲಿಕೋನ್ ಪೇಂಟ್ ತಂದಾಗ ನಾವು ಪಾಲಿಸಿದ ಕ್ರಮ ಹೀಗಿತ್ತು.

1. ಹಳೇ ಬಣ್ಣ, ತುಕ್ಕು ಪೂರ್ತಿ ತೆಗೆಯಬೇಕು. ಬ್ಲಾಸ್ಟಿಂಗ್ ಆದರೆ ಉತ್ತಮ, ಇಲ್ಲದಿದ್ದರೆ ವೈರ್ ಬ್ರಷ್, ಆಮೇಲೆ ಒರಟು ಎಮರಿ ಕಾಗದ. ನುಣುಪಾದ ಲೋಹಕ್ಕೆ ಬಣ್ಣ ಕಚ್ಚುವುದಿಲ್ಲ. ಪೈಪು ಅಲ್ಯುಮಿನೈಸ್ಡ್ ಸ್ಟೀಲ್ ಆಗಿದ್ದರೆ ಜೋಕೆ: ಜೋರಾಗಿ ಉಜ್ಜಿದರೆ ರಕ್ಷಿಸುವ ಅಲ್ಯುಮಿನಿಯಂ ಪದರವೇ ಹೋಗುತ್ತದೆ.

2. ಥಿನ್ನರ್‌ನಿಂದ ಒರೆಸಿದ ಮೇಲೆ ಬರಿಗೈ ತಾಗಿಸಬಾರದು. ಬೆರಳಿನ ಜಿಡ್ಡು ಇದ್ದಲ್ಲೇ ಬಣ್ಣ ಮೊದಲು ಏಳುತ್ತದೆ.

3. ಮಾಮೂಲಿ ಪ್ರೈಮರ್ ಬೇಡ. ನಮ್ಮ ಮೊದಲ ತಪ್ಪು ಇದೇ. ಮೇಲಿನದು ಎಷ್ಟೇ ಬಿಸಿ ತಡೆದರೂ ಕೆಳಗಿನ ಪ್ರೈಮರ್ ಸುಟ್ಟರೆ ಎರಡೂ ಒಟ್ಟಿಗೆ ಉದುರುತ್ತವೆ.

4. ಎರಡು ತೆಳು ಕೋಟು, ಒಂದೊಂದೂ ಒಣಗಿದ ಮೇಲೆ 20-25 ಮೈಕ್ರಾನ್. ಆಕ್ಸಿಜನ್ ಸೆನ್ಸರ್‌ಗೆ ಟೇಪ್ ಸುತ್ತಿರಬೇಕು.

5. ಬೇಯಿಸುವುದು. ಸಿಲಿಕೋನ್ ರಾಳ ಗಾಳಿಗೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಸುಮಾರು 200 ಡಿಗ್ರಿ ಬಿಸಿ ಬೇಕು. ಡಬ್ಬಿಯಲ್ಲಿ ಬರೆದ ಹಾಗೆ, ಬಯಲಲ್ಲಿ ಗಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಓಡಿಸಿ ಆರಲು ಬಿಟ್ಟು, ಮತ್ತೆ ಹೆಚ್ಚು ಹೊತ್ತು ಓಡಿಸಿ, ಹಂತ ಹಂತವಾಗಿ ಬಿಸಿ ಏರಿಸಬೇಕು. ಒಮ್ಮೆಲೇ ಕಾಯಿಸಿದರೆ ಒಳಗಿನ ದ್ರಾವಕ ಗುಳ್ಳೆಯಾಗಿ ಏಳುತ್ತದೆ.

ಬಣ್ಣದ ಕೆಳಗೆ ಅಡಗಿದ್ದ ತೂತು

ಎರಡನೇ ಸಲ ವೈರ್ ಬ್ರಷ್ ಹಾಕಿ ಉಜ್ಜುವಾಗ ಮಧ್ಯದ ಪೈಪಿನ ತಳದಲ್ಲಿ ಬ್ರಷ್ಷಿನ ತಂತಿಯೊಂದು ಸಲೀಸಾಗಿ ಒಳಗೆ ಹೋಯಿತು. ಅಲ್ಲೊಂದು ತೂತು. ಮುಂದಿನ ಸೀಟಿನ ಸರಿ ಕೆಳಗೆ. ಮೊದಲ ಸಲ ಅದರ ಮೇಲೆಯೇ ನಾವು ಪ್ರೈಮರ್ ಬಳಿದು ಮುಚ್ಚಿದ್ದೆವು. ಅವರಪ್ಪ ನೋಡಿ ಹೇಳಿದ್ದು ಇಷ್ಟೇ: "ಮ್ಯಾಲ ಬಳದ್ರ ಒಳಗಿನ ಹುಳುಕು ಹೊಕ್ಕತೇನ್ರಪ್ಪಾ?"

ಒಳಗಿನಿಂದ ತುಕ್ಕು ಯಾಕೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ದೂರದ ಓಡಾಟದಲ್ಲಿ ಅದು ಹೊರಗೆ ಹೋಗುತ್ತದೆ. ಹೊಲಕ್ಕೆ, ಅಂಗಡಿಗೆ ಅಂತ ಎರಡೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಪೈಪು ಕಾಯುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನದಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿದಿರುವುದರಿಂದ ಆಮ್ಲ ಕಡಿಮೆಯಾಗಿದೆ, ನೀರು ಕಡಿಮೆಯಾಗಿಲ್ಲ. ಹೊರಗಿನಿಂದ ನೋಡಿದರೆ, ನವಲಗುಂದದ ಬಯಲಿಗಿಂತ ಕಲಘಟಗಿ ಕಡೆ ಮಳೆ ಹೆಚ್ಚು. ಪೈಪಿಗೆ ಮೆತ್ತಿದ ಮಣ್ಣು ಒದ್ದೆ ಬಟ್ಟೆಯ ಹಾಗೆ ತೇವ ಹಿಡಿದಿಡುತ್ತದೆ.

ತೂತಿನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲದಲ್ಲಿ ಕಿಟಕಿ ಏರಿಸಿ ಕೂತವರಿಗೆ ತಲೆನೋವು, ತಲೆಸುತ್ತು ಬಂದರೂ ಕಾರಣ ಗೊತ್ತಾಗುವುದಿಲ್ಲ, ಹೆಚ್ಚಾದರೆ ಜೀವಕ್ಕೇ ಅಪಾಯ.

ಆದ್ದರಿಂದ ಬಣ್ಣದ ಡಬ್ಬಿ ತೆರೆಯುವ ಮೊದಲು ಇಷ್ಟು ಮಾಡಿ. ಪೈಪು ತಣ್ಣಗಿರುವಾಗ, ಗಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿಕೆಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಲೋಹ ಖಣ್ ಅನ್ನುತ್ತದೆ, ಹುಳುಕಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಆಮೇಲೆ ಗಾಡಿ ಕೆಳಗಿಳಿಸಿ, ಬಯಲಿನಲ್ಲಿ ಸ್ಟಾರ್ಟ್ ಮಾಡಿ, ಕೈಗವಸು ಹಾಕಿಕೊಂಡು ಟೇಲ್ ಪೈಪಿನ ಬಾಯಿಗೆ ದಪ್ಪ ಬಟ್ಟೆಯನ್ನು ಎರಡು-ಮೂರು ಸೆಕೆಂಡು ಒತ್ತಿ. ಎಲ್ಲಾದರೂ 'ಪುಸ್' ಅಂದರೆ ಅಲ್ಲಿ ಸೋರಿಕೆ ಇದೆ. ಸೋರುವ ಪೈಪಿಗೆ ಬೇಕಾದದ್ದು ವೆಲ್ಡಿಂಗ್ ಇಲ್ಲವೇ ಹೊಸ ತುಂಡು, ಬಣ್ಣ ಅಲ್ಲ.

ಮಿಶ್ರಿಕೋಟಿಯ ಕಾರಿಗೆ ಆ ತುಂಡು ಕತ್ತರಿಸಿ ಹೊಸ ಪೈಪು ಹಾಕಿಸಿದೆವು. ಬೆಸುಗೆಯ ಮೇಲೂ ಉಳಿದ ಪೈಪಿನ ಮೇಲೂ ಎರಡು ತೆಳು ಕೋಟು ಸಿಲಿಕೋನ್ ಕಪ್ಪು. ಮ್ಯಾನಿಫೋಲ್ಡನ್ನು ಹಾಗೇ ಬಿಟ್ಟೆವು, ಸಿರಾಮಿಕ್‌ಗೆ ದುಡ್ಡಿರಲಿಲ್ಲ. ದೀಪಾವಳಿಗೆ ಹೋದಾಗ ಮತ್ತೆ ಕೆಳಗೆ ತೂರಿ ನೋಡಿದೆವು. ಕಲ್ಲು ಬಡಿದ ಎರಡು ಕಡೆ ಚುಕ್ಕೆಯಷ್ಟು ತುಕ್ಕು ಕಾಣಿಸಿತು, ಉಳಿದದ್ದು ಗಟ್ಟಿಯಾಗಿತ್ತು. ಆ ಎರಡು ಕಡೆ ಉಜ್ಜಿ ಮತ್ತೆ ಬಣ್ಣ ಹಚ್ಚಿ ಬಂದೆವು. ಮುಂದಿನ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡಬೇಕು.